ಬಟ್ಟೆಗೆ ಮಣ್ಣು ಕೊಟ್ಟ ವರ್ಷ

ಇವತ್ತು ನಲ್ಲಿಯಲ್ಲಿ ನೀರು ಬರುವ ದಿನ. ಎದ್ದವಳೇ ಹಂಡೆ, ಕೊಡ, ಕೊನೆಗೆ ಚೆಂಬುಗಳನ್ನೂ ಬಿಡದೆ ತುಂಬಿಟ್ಟೆ. ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಸ್ನಾನ, ಪೂಜೆ ಆಯಿತು. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಮಜ್ಜಿಗೆ ಕಡೆದು ಬೆಣ್ಣೆ ತೆಗೆದೆ. ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಹರವಿ, ಕೋತಿ ಬಂದರೆ ಕೂಗು ಹಾಕಲು ಪಕ್ಕದ ಮನೆಯ ಅಜ್ಜಿಗೆ ಹೇಳಿ ಶಾಲೆಗೆ ಹೋದೆ. ಎರಡು ತರಗತಿಗೆ ಪಾಠ ಮಾಡಿದೆ, ಇನ್ನೊಂದು ತರಗತಿಯ ಜಗಳ ಬಿಡಿಸಿದೆ. ಮಧ್ಯಾಹ್ನ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಕುಳಿತೆ. ಜೂನ್ ಬಂತೆಂದರೆ ಇದು ನನ್ನ ಪಾಲಿನ ಕೆಲಸ. ಶಾಲೆ ಬಿಟ್ಟುಹೋದ ಹಳೆಯ ಹುಡುಗಿಯರೂ ಕಾಲೇಜಿಗೆ ಸೇರುವಾಗ ನನ್ನ ಮೇಜಿನ ಹತ್ತಿರವೇ ಬರುತ್ತಾರೆ.

ಸಂಗನಕಲ್ಲಿನಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದಳು. ತಂದೆಯ ಹೆಸರಿನ ಹತ್ತಿರ ನಾನು ಪೆನ್ನು ನಿಲ್ಲಿಸಿದಾಗ ಆಕೆ, "ಸತ್ತಾನ ಅಂತ ಬರೀರಿ ಅಕ್ಕೋರ. ತಂದಿ ಇಲ್ಲದ ಮಕ್ಕಳಿಗೆ ಲಗೂನ ಕೊಡ್ತಾರಂತ" ಅಂದಳು.

"ಖರೇನ ಸತ್ತಾನೇನು?"

"ಗುಂತಕಲ್ಲಾಗ ಇನ್ನೊಬ್ಬಾಕಿನ್ನ ಕಟಗೊಂಡು ಗುಂಡಗ ಅದಾನ. ನನ್ನ ಪಾಲಿಗೆ ಸತ್ತಂಗ."

ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. "ಹಂಗ ಬರೀಬಾರದವ್ವ" ಎಂದು ಹೇಳಿ, ಗಂಡ ಬಿಟ್ಟವರ ಮಕ್ಕಳಿಗೂ ಸಿಗುವ ಬೇರೆ ಒಂದು ವೇತನದ ಅರ್ಜಿ ಹುಡುಕಿ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ಉಳಿದ ಅರ್ಜಿಗಳನ್ನು ಜೋಡಿಸಿಟ್ಟೆ. ಹೊರಗೆ ಬಳ್ಳಾರಿಯ ಜೂನ್ ಗಾಳಿ, ಮಳೆ ತಾರದೆ ಮಣ್ಣನ್ನಷ್ಟೇ ತರುವ ಗಾಳಿ, ಕಿಟಕಿಯ ಕದ ಬಡಿಯುತ್ತಿತ್ತು. ಆ ವರ್ಷವೂ ಅದು ಹೀಗೆಯೇ ಬೀಸಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಅದು. ಬಳ್ಳಾರಿ ಆಗ ಮದರಾಸಿಗೆ ಸೇರಿತ್ತು. ಕುರುಗೋಡಿನಲ್ಲಿ, ಗುಡ್ಡದ ಮಗ್ಗುಲಿನ ಒಂದು ಮಾಳಿಗೆ ಮನೆಯಲ್ಲಿ, ನಾನು ಮತ್ತು ನಮ್ಮ ಅತ್ತೆ ಬಸಮ್ಮ ಇಬ್ಬರೇ ಇದ್ದೆವು. ನನ್ನ ತವರು ಸಿರುಗುಪ್ಪ. ಮದುವೆಯಾಗಿ ಒಂದು ಸುಗ್ಗಿ ಕಳೆಯುವುದರೊಳಗೆ ನಮ್ಮ ಮನೆಯವರು ಯಾವನೋ ಗುತ್ತಿಗೆದಾರನ ಲಾರಿ ನಡೆಸಲು ರಂಗೂನಿಗೆ ಹೋದರು. ಆ ವರ್ಷವೇ ಅಲ್ಲಿ ಜಪಾನಿನವರ ಬಾಂಬು ಬಿತ್ತು. ಸೈನ್ಯಕ್ಕೆ ಸೇರಿದ್ದರೆ ಸರ್ಕಾರವಾದರೂ ಇದ್ದಾರೆ, ಇಲ್ಲ ಎಂದು ಒಂದು ಮಾತು ಹೇಳುತ್ತಿತ್ತು. ಗುತ್ತಿಗೆದಾರನ ಸುಳಿವೂ ಸಿಗಲಿಲ್ಲ. ಅತ್ತ ಹೋದವರಲ್ಲಿ ನಡೆದು ಬಂದವರು ಬಂದರು, ಇವರು ಬರಲಿಲ್ಲ.

ಹೋಗುವ ಹಿಂದಿನ ದಿನ ಅವರು ಒಂದು ಕೆಲಸ ಮಾಡಿದ್ದರು. ಕೊರಳಿನ ಲಿಂಗವನ್ನು ಬಿಚ್ಚಿ, ಅದನ್ನಿಡುವ ಬೆಳ್ಳಿಯ ಕರಡಿಗೆಯ ಸಮೇತ ತಾಯಿಯ ಕೈಗೆ ಕೊಟ್ಟು, "ಸಮುದ್ರದಾಗ ಬಿದ್ದು ಹೋದ್ರ ಏನ್ ಮಾಡ್ಲಿ ಯವ್ವಾ. ನಿನ್ನ ಹತ್ರ ಇದ್ರ ನಾ ಇದ್ದಂಗ" ಅಂದಿದ್ದರು. ನಮ್ಮಲ್ಲಿ ಲಿಂಗ ಕಟ್ಟಿಕೊಂಡವರು ಬದುಕಿರುವ ತನಕ ಅದನ್ನು ಮೈಮೇಲಿಂದ ತೆಗೆಯುವುದಿಲ್ಲ. ಸತ್ತರೆ ಎಡಗೈಯಲ್ಲಿ ಅದನ್ನಿಟ್ಟು, ಕುಳಿತಂತೆಯೇ ಕೂರಿಸಿ ಮಣ್ಣು ಕೊಡುತ್ತಾರೆ. ವಿಷಯ ತಿಳಿದ ಮಠದ ಅಯ್ಯನವರು ಅತ್ತೆಯನ್ನು ಬೈದರು. ಅಷ್ಟರಲ್ಲಿ ಹಡಗು ಹೋಗಿತ್ತು.

ಅತ್ತೆ ಆ ಕರಡಿಗೆಯನ್ನು ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿದ್ದರು. ದಿನಾ ತಮ್ಮ ಪೂಜೆ ಮುಗಿದ ಮೇಲೆ ಮಗನ ಲಿಂಗಕ್ಕೂ ನೀರೆರೆದು ಪತ್ರೆ ಏರಿಸುತ್ತಿದ್ದರು. ಬೆಳಿಗ್ಗೆ ಆ ಗೋಡೆಯ ಧೂಳು ಒರೆಸುವವಳು ನಾನು. ಒರೆಸುವಾಗ ಕರಡಿಗೆ ಕೈಗೆ ತಗಲುತ್ತಿತ್ತು. ಬೆಚ್ಚಗಿರುತ್ತಿತ್ತು. ಬಿಸಿಲು ಬಿದ್ದ ಬೆಳ್ಳಿಯ ಹಾಗೆ ಅಲ್ಲ, ಈಗಷ್ಟೇ ಯಾರೋ ಎದೆಯ ಮೇಲಿನಿಂದ ತೆಗೆದಿಟ್ಟ ಹಾಗೆ. ಅತ್ತೆ ಮಲಗುವಾಗ ಅದನ್ನು ಕಟ್ಟಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಒಮ್ಮೆ ಅವರು ಬೀಗರ ಮನೆಗೆಂದು ತೆಕ್ಕಲಕೋಟೆಗೆ ಹೋಗಿ ಅಲ್ಲೇ ಉಳಿದರು. ಆ ಬೆಳಿಗ್ಗೆಯೂ ಅದು ಬೆಚ್ಚಗಿತ್ತು. ಬಂದ ಮೇಲೆ ಹೇಳಿದೆ.

"ಮೈಮ್ಯಾಲಿಂದು ಅದು. ತಣ್ಣಗ ಹೆಂಗ ಇರ್ತೈತಿ" ಎಂದವರು, ಎಮ್ಮೆಗೆ ಹುಲ್ಲು ಹಾಕಿದೆಯಾ ಎಂದು ಕೇಳಿ ಹಿತ್ತಲಿಗೆ ಹೋದರು.

ಕಾಯುತ್ತ ಕೂತವಳಿಗೆ ಓದು ಕೈ ಹಿಡಿಯಿತು. ಸಿರುಗುಪ್ಪದಲ್ಲಿ ಅರ್ಧಕ್ಕೆ ಬಿಟ್ಟಿದ್ದ ಓದನ್ನು ಊರಿನ ಮಾಸ್ತರರ ಪುಸ್ತಕ ತಂದು ಮುಂದುವರಿಸಿದೆ. ಖಾಸಗಿಯಾಗಿ ಪರೀಕ್ಷೆ ಕಟ್ಟಿ ಎಸ್.ಎಸ್.ಎಲ್.ಸಿ. ಪಾಸಾದೆ. ಇಂಟರ್‌ಮೀಡಿಯೆಟ್ ಓದಬೇಕು, ಆಮೇಲೆ ಟೀಚರ್ ಆಗಬೇಕು ಎಂಬ ಆಸೆ ಹುಟ್ಟಿತು. ಆಸೆಗೆ ಬೇಕಾದದ್ದು ನಮ್ಮ ಮನೆಯಲ್ಲಿ ಇರಲಿಲ್ಲ. ಒಂದು ಎಮ್ಮೆ, ಎರೆಹೊಲದ ಒಂದು ತುಂಡು, ಇಷ್ಟೇ. ಮಾಸ್ತರರು, ಬಳ್ಳಾರಿಯಲ್ಲಿ ಕಮಲಾಬಾಯಿ ಎಂಬ ಹೆಡ್‌ಮಿಸ್ಟ್ರೆಸ್ ಇದ್ದಾರೆ, ಹೋಗಿ ನೋಡು ಅಂದರು.

ಬಿರುಬೇಸಿಗೆಯಲ್ಲಿ ಅತ್ತೆಯ ಜೊತೆ ಹೋದೆ. ಕೌಲ್ ಬಜಾರಿನ ಅಂಚಿನಲ್ಲಿ ಅವರ ಮನೆ. ಹಿಂಭಾಗದಲ್ಲಿ ಏಳೆಂಟು ಹುಡುಗಿಯರನ್ನು ಇಟ್ಟುಕೊಂಡು ಓದಿಸುತ್ತಿದ್ದರು. ಯಾವ ಊರಿನ ಯಾವ ಪುಣ್ಯಾತ್ಮ ಎಂಥ ಹುಡುಗಿಯ ಓದಿಗಾಗಿ ದುಡ್ಡು ತೆಗೆದಿಟ್ಟಿದ್ದಾನೆ ಎಂಬುದು ಅವರಿಗೆ ಪಂಚಾಂಗದ ಹಾಗೆ ಬಾಯಲ್ಲೇ ಇತ್ತು. ಬಿಳಿ ಸೀರೆ, ಬೋಳು ಹಣೆ, ಕೈಯಲ್ಲಿ ಬೀಸಣಿಗೆ. ನನ್ನ ವಯಸ್ಸು ಕೇಳಿ ಬೀಸುವುದನ್ನು ನಿಲ್ಲಿಸಿದರು.

"ಹಂಗಾದರ ಹುಡುಗಿಯರ ಸ್ಕಾಲರ್‌ಶಿಪ್ ಹೋತು. ಅದಕ್ಕ ನೀ ದೊಡ್ಡಾಕಿ ಆದಿ. ಓಡ್ತೀಯೇನು? ಆಟದಾಗ ಮುಂದಿದ್ದವರಿಗೆ ಒಂದು ಅದ. ನೋಡು, ಅಲ್ಲಿ ಬಟ್ಟೆ ಒಗೀತಾಳಲ್ಲ ಗ್ರೇಸಿ, ಓಡಿಯೇ ತಗೊಂಡಾಳ."

"ಎಮ್ಮಿ ಹಿಂದ ಓಡೀನ್ರಿ."

"ಎಮ್ಮಿ ಗೆದ್ದಿರಬೇಕು. ಬಹುಮಾನದ ಕಪ್ಪು ಅದಕ್ಕ ಕೊಡಬೇಕಾಗ್ತದ" ಎಂದು ಅವರು ನಕ್ಕರು. ಆಮೇಲೆ ನನ್ನ ಕೊರಳು ನೋಡಿದರು. ಗಂಡ ಎಲ್ಲಿ ಎಂದು ಕೇಳಿದರು. ಅತ್ತೆಯೇ ಎಲ್ಲವನ್ನೂ ಹೇಳಿದರು. ಕಮಲಾಬಾಯಿ ಬೀಸಣಿಗೆಯನ್ನು ಕೆಳಗಿಟ್ಟರು.

"ಮದರಾಸಿನಿಂದ ಬರೂ ವೇತನ ಒಂದು ಅದ" ಎಂದರು ಕೊನೆಗೆ. "ಫೀ, ಊಟ, ಪುಸ್ತಕ ಎಲ್ಲಾ ಅದರಾಗ ಬರ್ತದ. ವಯಸ್ಸು ಕೇಳೂದಿಲ್ಲ. ನಡುವ ಓದು ಬಿಟ್ಟವರಿಗೂ ಕೊಡ್ತಾರ. ನಾನೂ ಅದರಾಗ ಓದಿದಾಕಿ. ಆದರ ಅದು ಗಂಡ ಸತ್ತವರಿಗೆ. ಊರಿನ ಕರಣಂ ಬರದು ಕೊಡಬೇಕು, ವರ್ಷಾ ವರ್ಷಾ. ಮಾಡು ಅಂತ ನಾ ಹೇಳಂಗಿಲ್ಲಮ್ಮ. ಕಾಗದ ತಂದರ ಕಳಸ್ತೀನಿ."

ಕುರುಗೋಡಿಗೆ ಬಂದು ಚಾವಡಿಗೆ ಹೋದೆವು. ಊರ ಲೆಕ್ಕಪತ್ರವೆಲ್ಲ ಕರಣಂ ಅವರ ಕೈಯಲ್ಲಿ. ನಿಧಾನದ ಮನುಷ್ಯ, ಕೆಟ್ಟವರಲ್ಲ. ನನ್ನ ಬಳೆಗಳನ್ನು ನೋಡಿ, "ಕೈಯಾಗ ಬಳಿ, ಕೊರಳಾಗ ತಾಳಿ. ಹಿಂತಾಕಿನ್ನ ವಿಧವೆ ಅಂತ ಬರದ್ರ ಊರು ನನ್ನ ಮಾರಿಗೆ ಉಗಳ್ತದ. ಊರಿಗೆ ಗೊತ್ತಾಗಂಗ ಮಣ್ಣು ಮಾಡ್ರಿ. ಮರುದಿನ ಬರೀತೀನಿ" ಅಂದರು.

ಸಿರುಗುಪ್ಪದಿಂದ ನಮ್ಮ ಅಣ್ಣ ಬಂದ. ಅವನಿಗೆ ತೆಕ್ಕಲಕೋಟೆಯಲ್ಲಿ ಹೆಂಡತಿ ಸತ್ತ ಒಬ್ಬ ರೈತ ಗೊತ್ತಿದ್ದ. ನನ್ನನ್ನು ಅವನಿಗೆ ಉಡಿಕೆ ಮಾಡಿ, ಅಂದರೆ ಎರಡನೆಯ ಮದುವೆ ಮಾಡಿ ಕಳಿಸಬೇಕೆಂದಿದ್ದ. "ಓದಿನ ಸಲುವಾಗಿ ಗಂಡನ್ನ ಹೂಳಾಕ ಹೊಂಟೀಯೇನ ನೀಲಿ? ಹೂಳೂದಾದ್ರ ಉಡಿಕಿಯಾಗಿ ಬಾಳೇ ಮಾಡು. ಅದಾದ್ರ ನಾಕು ಮಂದಿ ಒಪ್ಪೂ ಮಾತು" ಅಂದ. ಆಷಾಢದೊಳಗೆ ಕಾಗದ ಹೋಗದಿದ್ದರೆ ಆ ರೈತನ ಮನೆಯೇ ಗತಿ ಎಂಬುದು ನನಗೂ ಗೊತ್ತಿತ್ತು.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಅಣ್ಣ ಹೋಗುವ ತನಕ ಬಡಿಯುತ್ತಲೇ ಇದ್ದರು. ಆಮೇಲೆ ತಲೆ ಎತ್ತದೆ ಹೇಳಿದರು.

"ಮಣ್ಣು ಕೊಡೂಣು."

"ಅತ್ತೀ, ಅವರು ಬಂದ್ರ?"

"ಬಂದ್ರ ಬಂದ. ಬೈದ್ರ ನನ್ನ ಬೈತಾನ, ಹೆತ್ತಾಕಿ ನಾನು. ನಾ ಹೋದ ಮ್ಯಾಲ ನೀ ಯಾರ ಮನಿ ಹಿಟ್ಟು ಬೀಸ್ತಿ ಅದನ್ನ ಹೇಳು."

ರೊಟ್ಟಿ ಹಂಚಿನ ಮೇಲೆ ಸೀದಿತು. ಅವರು ಅದನ್ನು ಎಮ್ಮೆಗೆ ಹಾಕಿದರು.

ಗಾಳಿ ಜೋರಾಗಿದ್ದ ಒಂದು ಸಂಜೆ ಮಣ್ಣು ಕೊಟ್ಟೆವು. ಸತ್ತವರನ್ನು ಕೂರಿಸಿ ಮೆರವಣಿಗೆ ಮಾಡುವ ವಿಮಾನ ಕಟ್ಟಲಿಲ್ಲ, ಭಜನೆಯವರನ್ನು ಕರೆಯಲಿಲ್ಲ. ಊರಿಗೆ ಕಾವಲಿನ ತಳವಾರನಿಂದ ಹೇಳಿಸಿದ್ದೆವು, ಬಂದು ನಿಂತವರು ಮಾತ್ರ ಅಯ್ಯನವರು, ಕರಣಂ, ಗುಂಡಿ ತೋಡಿದ ಇಬ್ಬರು, ನಾವಿಬ್ಬರು. ಅತ್ತೆ ಮನೆಯಲ್ಲಿದ್ದ ಮಗನ ಬಟ್ಟೆಗಳನ್ನು ತಂದಿದ್ದರು. ಗುಂಡಿಯೊಳಗೆ ಮಣೆ ಇಟ್ಟು, ಧೋತರವನ್ನು ಮಡಿಚಿ ಚಕ್ಕಳಮಕ್ಕಳ ಹಾಕಿದ ಕಾಲಿನ ಹಾಗೆ ಮಾಡಿ, ಮೇಲೆ ಅಂಗಿ, ಅದರ ಮೇಲೆ ಸುತ್ತಿದ ರುಮಾಲು. ಅಂಗಿಯ ಎಡತೋಳಿನ ತುದಿಯಲ್ಲಿ ಲಿಂಗ ಇಟ್ಟರು. ಕರಡಿಗೆಯನ್ನು ಮಾತ್ರ ಮನೆಯ ಮೊಳೆಗೇ ಬಿಟ್ಟು ಬಂದಿದ್ದರು. ವಿಭೂತಿ, ಪತ್ರೆ, ಉಪ್ಪು ಎಲ್ಲ ಕ್ರಮದಂತೆ ಆಯಿತು.

ಸತ್ತವರ ತಲೆಯ ಮೇಲೆ ಅಯ್ಯನವರು ಪಾದ ಇಡುವ ಪದ್ಧತಿ. ಅವರು ಗುಂಡಿಯಲ್ಲಿ ಇಳಿದು ಗೊಂದಲಕ್ಕೆ ಬಿದ್ದರು.

"ತಲಿ ಎಲ್ಲೈತಿ ಬಸಮ್ಮ, ನಾ ಪಾದ ಎಲ್ಲಿಡ್ಲಿ?"

"ರುಮಾಲ ಐತಲ್ರಿ ಅಯ್ಯಾರ."

ಅವರು ಬಲಗಾಲನ್ನು ರುಮಾಲಿನ ಮೇಲೆ ಇಟ್ಟರು. ಮಂತ್ರ ಹೇಳುತ್ತಿದ್ದವರು ನಡುವೆ ನಿಂತರು. ಕಾಲು ತೆಗೆದು ಮೇಲೆ ಹತ್ತಿ ಬಂದರು. ಉಳಿದ ಮಂತ್ರವನ್ನು ದಂಡೆಯ ಮೇಲೆ ನಿಂತು ಮುಗಿಸಿದರು. ಆಮೇಲೆ ಅತ್ತೆಯ ಪಕ್ಕಕ್ಕೆ ಬಂದು ಮೆಲ್ಲಗೆ, "ಒಳಗ ಹುಲ್ಲು ತುಂಬೀರೇನು?" ಎಂದು ಕೇಳಿದರು. ಅತ್ತೆ ಇಲ್ಲ ಅಂದರು. ತುಂಬಿರಲಿಲ್ಲ, ನಾನೇ ಬಟ್ಟೆ ಮಡಿಚಿ ಕೊಟ್ಟವಳು.

ಮೊದಲ ಬುಟ್ಟಿ ಮಣ್ಣು ಬಿದ್ದಾಗ ಬಟ್ಟೆ ಕುಸಿಯಬೇಕಿತ್ತು. ಕುಸಿಯಲಿಲ್ಲ. ಮಣ್ಣು ಅಂಗಿಯ ಹೆಗಲಿನ ಮೇಲೆ ಒಂದು ಗಳಿಗೆ ನಿಂತು, ಎರಡೂ ಕಡೆಗೆ ಜಾರಿತು. ಗುಂಡಿ ತೋಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಬುಟ್ಟಿಗಳನ್ನು ಬೇಗ ಬೇಗ ಸುರಿದರು. ಕರಣಂ ಗುಡ್ಡದ ಕಡೆಗೆ ಮುಖ ಮಾಡಿ ನಿಂತಿದ್ದರು.

ಮನೆಗೆ ಬಂದು ಅತ್ತೆಯೇ ನನ್ನ ತಾಳಿ ಬಿಚ್ಚಿದರು. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಬಳೆಗಳನ್ನು ಒಡೆಯಲಿಲ್ಲ. ಎಣ್ಣೆ ಹಚ್ಚಿ, ಮೆಲ್ಲಗೆ ಜಾರಿಸಿ, ಒಂದೊಂದಾಗಿ ತೆಗೆದರು.

ಮರುದಿನ ಚಾವಡಿಯಲ್ಲಿ ಕರಣಂ ಕಾಗದ ಬರೆಯುತ್ತ, "ಗಂಡನ ಹೆಸರು ಹೇಳಮ್ಮ" ಅಂದರು. ಅತ್ತೆ ಹೇಳಹೋದರು. "ಆಕಿನ ಹೇಳಬೇಕು. ಅರ್ಜಿ ಆಕಿಂದು" ಎಂದು ಕರಣಂ ತಡೆದರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲಿ ಒಡಪು ಎಂಬ ಪ್ರಾಸದ ಪದ್ಯ ಕಟ್ಟಿ ಒಮ್ಮೆ ಹೇಳಿಸುತ್ತಾರೆ, ಅಷ್ಟೇ. ಆಮೇಲೆ ಮೊದಲ ಸಲ ನಾನು ಆ ಹೆಸರನ್ನು ಬಾಯಿ ಬಿಟ್ಟು ಹೇಳಿದ್ದು ಅವರು ಸತ್ತರೆಂದು ಬರೆಸುವುದಕ್ಕೆ. ಹೇಳಿದೆ. ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ ತಳವಾರ ಕಾಲು ಮಡಚಿಕೊಂಡ, ಒಳಗೆ ಬರುವವರಿಗೆ ದಾರಿ ಬಿಡುವ ಹಾಗೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಯಾಕೆ ಮಡಚಿದೆ ಎಂದು ಅವನನ್ನು ಯಾರೂ ಕೇಳಲಿಲ್ಲ.

ಕಾಗದ ಮದರಾಸಿಗೆ ಹೋಯಿತು. ಮಂಜೂರಾಗಿ ಬಂತು. ನಾನು ಒಂದು ಟ್ರಂಕು, ಒಂದು ಕಂಬಳಿ, ಅತ್ತೆ ಒಣಗಿಸಿ ಕಟ್ಟಿಕೊಟ್ಟ ಖಟಿ ರೊಟ್ಟಿಯ ಗಂಟು ಹಿಡಿದು ಕಮಲಾಬಾಯಿಯವರ ಮನೆ ಸೇರಿದೆ.

ಆ ದಿನಗಳನ್ನು ಒಳ್ಳೆಯ ದಿನಗಳು ಎನ್ನಲೇಬೇಕು. ಬೆಳಿಗ್ಗೆ ಸರದಿಯ ಮೇಲೆ ಬಾವಿ ನೀರು ಸೇದುವುದು, ಅಕ್ಕಿ ಆರಿಸುವುದು, ಕಾಲೇಜಿನಲ್ಲಿ ಹುಡುಗಿಯರಿಗೆಂದೇ ಇಟ್ಟಿದ್ದ ಮುಂದಿನ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುವುದು. ಬಳ್ಳಾರಿ ಗುಡ್ಡದ ಬಂಡೆ ಹಗಲೆಲ್ಲ ಕಾದು ಸಂಜೆ ಉಸಿರು ಬಿಡುತ್ತಿತ್ತು, ಆ ಬಿಸಿಯಲ್ಲಿ ಮಾಳಿಗೆಯ ಮೇಲೆ ಕುಳಿತು ಓದುತ್ತಿದ್ದೆವು. ಓಟದ ಹುಡುಗಿ ಗ್ರೇಸಿ ನನ್ನ ಪಕ್ಕದ ಚಾಪೆಯವಳು. ಅವಳ ತಂದೆಗೆ ಕೌಲ್ ಬಜಾರಿನಲ್ಲಿ ಲಾರಿ ರಿಪೇರಿಯ ಅಂಗಡಿ ಇತ್ತು, ಮನೆಯಲ್ಲಿ ಓದಲು ಜಾಗವಿಲ್ಲವೆಂದು ಇಲ್ಲಿ ಬಿಟ್ಟಿದ್ದ. ಅವಳು ನನ್ನನ್ನು ಬೆಳಗಿನ ಮೈದಾನಕ್ಕೆ ಎಳೆದುಕೊಂಡು ಹೋಗಿ, "ಓಡಕ್ಕಾ, ಹಿಂದ ಎಮ್ಮಿ ಐತಿ ಅಂತ ತಿಳಕೋ" ಎನ್ನುವಳು. ನಾನು ಸೀರೆ ಎತ್ತಿ ಕಟ್ಟಿ ಸ್ವಲ್ಪ ಓಡುತ್ತಿದ್ದೆ. ಹಿಂದೆ ತಿರುಗಿ ನೋಡಬೇಕು ಎನಿಸುತ್ತಿತ್ತು. ನೋಡುತ್ತಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅತ್ತೆ ನನ್ನನ್ನು ಸಮಾಧಿಯ ಹತ್ತಿರ ಕರೆದೊಯ್ದರು. ಮಳೆಗಾಲ ಮುಗಿದಿತ್ತು. ಸುತ್ತಲಿನ ಹೊಸ ಸಮಾಧಿಗಳೆಲ್ಲ ನಡುವೆ ತಗ್ಗಾಗಿದ್ದವು, ಒಳಗಿನ ದೇಹ ಕರಗುತ್ತ ಮಣ್ಣು ಇಳಿಯುವುದು ಸಹಜ. ನಮ್ಮದು ಬರೀ ಬಟ್ಟೆಯ ಮೇಲಿನ ಮಣ್ಣು, ಎಲ್ಲಕ್ಕಿಂತ ಮೊದಲು ಅದು ಇಳಿಯಬೇಕಿತ್ತು. ಹಾಕಿದ ದಿನ ಹೇಗಿತ್ತೋ ಹಾಗೆಯೇ ಇತ್ತು.

"ನೋಡಿದ್ಯಾ?" ಅಂದರು ಅತ್ತೆ.

"ನೋಡಿದೆ."

ದಾರಿಯಲ್ಲಿ ಅವರು ಹತ್ತಿಯ ಬೆಳೆ ಈ ಸಲ ಚೆನ್ನಾಗಿ ಬಂದದ್ದನ್ನು ಹೇಳುತ್ತ ಬಂದರು. ಮನೆಯಲ್ಲಿ ಗೋಡೆ ಒರೆಸುವಾಗ ಖಾಲಿ ಕರಡಿಗೆ ಕೈಗೆ ತಗಲಿತು. ಬೆಚ್ಚಗಿತ್ತು.

ಚಳಿ ಇಳಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಗ್ರೇಸಿ ಓಡಿ ಬಂದಳು. "ಅಕ್ಕಾ, ನಮ್ಮಪ್ಪನ ಅಂಗಡಿಗೆ ನರಸಯ್ಯ ಅಂತ ಹೊಸಬ ಒಬ್ಬ ಬಂದಾನ. ರಂಗೂನಿಂದ ನಡಕೊಂಡು ಬಂದವನಂತ. ನಿಮ್ಮೋರ ಜೋಡಿ ಲಾರಿ ಓಡಿಸ್ಯಾನಂತ. ಕೇಳ್ತೀಯೇನು?"

ಹೋದೆ. ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದ ನರಸಯ್ಯ ತೆಲುಗಿನವನು. ಮಾತು ಕಡಿಮೆ. ನಮ್ಮ ಮನೆಯವರ ಚಹರೆ, ಕುರುಗೋಡು, ತಾಯಿಯ ಕಥೆ ಎಲ್ಲ ಅವನಿಗೆ ಗೊತ್ತಿತ್ತು. ಕಾಡಿನ ದಾರಿಯಲ್ಲಿ ಸಾವಿರಾರು ಜನ ನಡೆಯುತ್ತಿದ್ದರು, ಕಾಯಿಲೆ ಬಿದ್ದವರನ್ನು ಬಿಟ್ಟು ಉಳಿದವರು ನಡೆಯುತ್ತಿದ್ದರು ಎಂದ. ನಮ್ಮ ಮನೆಯವರು ಒಂದು ದೊಡ್ಡ ಮರಕ್ಕೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತಿದ್ದರಂತೆ. ಕಣ್ಣು ಮುಚ್ಚಿತ್ತು. ಎಡಗೈ ಮಡಿಲಲ್ಲಿ ಅಂಗೈ ಮೇಲಾಗಿ ತೆರೆದಿತ್ತು, ಏನನ್ನೋ ಇಡುತ್ತಾರೆಂದು ಕಾಯುವ ಹಾಗೆ. ಇವನು ಕರೆದ, ಅಲುಗಿಸಿದ. ಏಳಲಿಲ್ಲ.

"ಸತ್ತಿದ್ದರಾ?" ಎಂದು ಕೇಳಿದೆ.

ಅವನು ನೆಲ ನೋಡುತ್ತ, "ತೆಲೀದಮ್ಮಾ. ಒಳ್ಳು ವೆಚ್ಚಗಾನೇ ಉಂದಿ" ಅಂದ. ಗೊತ್ತಿಲ್ಲ, ಮೈ ಬೆಚ್ಚಗೇ ಇತ್ತು, ಎಂದು. ಹಿಂದಿನಿಂದ ಜನ ನೂಕುತ್ತಿದ್ದರು, ಇವನು ಮುಂದೆ ನಡೆದ.

ಆ ದಿನ ನಾನು ಗಣಿತದ ಪುಸ್ತಕ ತೆರೆದು ಅದೇ ಪುಟ ನೋಡುತ್ತ ಕುಳಿತಿದ್ದೆ. ಕಮಲಾಬಾಯಿ ಬಂದು ಪಕ್ಕದಲ್ಲಿ ಕುಳಿತರು. ಗ್ರೇಸಿ ಹೇಳಿದ್ದಳೇನೋ. "ಪರೀಕ್ಷೆ ಹತ್ತಿರ ಬಂತು. ಊಟ ಬಿಡಬ್ಯಾಡ" ಎಂದಷ್ಟೇ ಹೇಳಿ, ನನ್ನ ತಟ್ಟೆಯನ್ನು ತಾವೇ ತಂದಿಟ್ಟರು.

ಮೊದಲ ವರ್ಷ ಪಾಸಾದೆ. ಎರಡನೆಯ ವರ್ಷದ ವೇತನಕ್ಕೆ ಮತ್ತೆ ಕರಣಂ ಅವರ ಕಾಗದ ಬೇಕು. ಊರಿಗೆ ಬಂದರೆ ಊರಿನ ಗಾಳಿಯೇ ಬದಲಾಗಿತ್ತು. ನನ್ನನ್ನು ಕಂಡವರು ಮಾತು ನಿಲ್ಲಿಸುತ್ತಿದ್ದರು. ಸಿರುಗುಪ್ಪದ ದಾರಿಯ ಹುಣಸೆಮರದ ಕೆಳಗೆ ನಮ್ಮ ಮನೆಯವರನ್ನು ಕಂಡೆವೆಂದು ಮೊದಲು ಒಬ್ಬ ಕುರಿಯವನು, ಆಮೇಲೆ ಸಂತೆಯಿಂದ ಬರುತ್ತಿದ್ದ ಗಾಡಿಯವರು ಹೇಳಿದ್ದರಂತೆ. ಹಾಡುಹಗಲಿನಲ್ಲಿ. ಅಂಗಿ, ಧೋತರ, ತಲೆಗೆ ರುಮಾಲು. ಮಾತಾಡಿಸಿದರೆ ಮಾತಾಡಲಿಲ್ಲ, ಸುಮ್ಮನೆ ಕೂತಿದ್ದರು. ಮೈಯೆಲ್ಲ ಕೆಮ್ಮಣ್ಣು ಎಂದರು. ನಮ್ಮ ಸೀಮೆ ಕರಿಮಣ್ಣಿನದು. ಕೆಮ್ಮಣ್ಣು ಇರುವುದು ಗುಡ್ಡದ ಬುಡದಲ್ಲಿ, ನಾವು ಗುಂಡಿ ತೋಡಿಸಿದ ಕಡೆ.

ಚಾವಡಿಯಲ್ಲಿ ಕರಣಂ ಲೇಖನಿ ಎತ್ತಲಿಲ್ಲ.

"ಮಂದಿ ನೋಡೀವಿ ಅಂತಾರ ಬಸಮ್ಮ. ನಾ ಹೆಂಗ ಬರೀಲಿ? ಸತ್ತವರು ಓಡಾಡಿದ್ರ ಕಾಗದ ಕೊಡಬಾರದು ಅಂತ ಕಾಯ್ದೆ ಇಲ್ಲ. ಬದುಕಿದವರು ಓಡಾಡಿದ್ರ ಅದ. ಅಂವ ಯಾರು ಅಂಬೋದು ತಿಳೀಬೇಕಲ್ಲ."

ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬ, "ಅಂವ ಬಂದ್ರ ಈಕಿನ ಓದು ಬಿಡಿಸ್ತಾನ ಅಂತ ಒಳಗ ಬಿಟಗೊಂಡಿಲ್ಲೇನೋ" ಎಂದ. ನಾಲ್ಕು ಜನ ನಕ್ಕರು. ಒಂದು ವರ್ಷ ಓದಿದ್ದೆ, ಇನ್ನೊಂದು ವರ್ಷ ಈ ಕಟ್ಟೆಯ ಮೇಲೆ ಹೋಗುವುದರಲ್ಲಿತ್ತು.

ಅತ್ತೆ ಆ ಮಾತು ಆಡಿದವನ ಕಡೆಗೆ ತಿರುಗಿದರು. "ಏನಲೇ, ನನ್ನ ಮಗಾ ಬಂದ್ರ ನಿಮ್ಮವ್ವನ ಕೇಳಿ ಒಳಗ ಬಿಟಗೋಬೇಕೇನು?" ಅಂದರು. ನಗು ನಿಂತಿತು. ಆಮೇಲೆ ಕರಣಂ ಅವರ ಮುಂದೆ ಹೋಗಿ ನಿಂತು ಹೇಳಿದರು. "ಬದುಕಿದ್ರ ಹಸಿವು ಆಗ್ತಿತ್ರಿ ರಾಯರ. ಹುಣಸಿಮರದಿಂದ ನಮ್ಮ ಮನಿ ಎಷ್ಟು ದೂರ. ಹಸದ ಮಗಾ ಹೆತ್ತಾಕಿ ಬಾಗಿಲಿಗೆ ಬರದ ಮರದ ಕೆಳಗ ಕುಂದರ್ತಾನೇನು? ನಾ ದಿನಾ ಒಂದ ತಾಟು ತೊಳಿತೀನಿ. ಇದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ, ಬರೀರಿ."

ಕರಣಂ ಲೇಖನಿ ಎತ್ತಿ ಮಸಿಯಲ್ಲಿ ಅದ್ದಿದರು. ಆಮೇಲೆ ಬರೆದರು. ಈ ಸಲ ಹೆಸರನ್ನು ನನ್ನಿಂದ ಹೇಳಿಸಲಿಲ್ಲ. ಹೋದ ವರ್ಷದ ಕಾಗದ ನೋಡಿ ತಾವೇ ಬರೆದುಕೊಂಡರು, ಬಾಗಿಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ.

ಮನೆಗೆ ಬಂದು ಕಾಗದವನ್ನು ಟ್ರಂಕಿನ ತಳದಲ್ಲಿ ಇಟ್ಟೆ. ಬೆಳಿಗ್ಗೆಯ ಬಸ್ಸಿಗೆ ಬಳ್ಳಾರಿ. ಎಮ್ಮೆ ಹಿಂಡಿ, ಒಲೆ ಹೊತ್ತಿಸಿ ಅತ್ತೆಯ ಮುಂದೆ ಕುಳಿತೆ. ಹೋಗುವ ಮೊದಲು ಹೇಳಿಬಿಡಬೇಕೆನಿಸಿತು. ನರಸಯ್ಯ ಹೇಳಿದ್ದನ್ನೆಲ್ಲ ಹೇಳಿದೆ. ಮರ, ಮುಚ್ಚಿದ ಕಣ್ಣು, ತೆರೆದಿದ್ದ ಅಂಗೈ, ಬೆಚ್ಚಗಿದ್ದ ಮೈ.

ಅತ್ತೆ ಅಳುತ್ತಾರೆಂದು ಕಾದೆ. ಅವರು ಹಿಟ್ಟಿನ ಕೈ ತೊಳೆದುಕೊಂಡರು.

"ಹಂಗಾದ್ರ ಅಲ್ಲೂ ಕುಂತಾನ. ನಾವೂ ಒಯ್ದು ಕುಂದರಿಸೀವಿ. ಹುಣಸಿಮರದ ಕೆಳಗೂ ಕುಂತಾನ. ಯಾರೂ ಅಂವಗ ಮಲಗು ಅಂದಿಲ್ಲ." ಒಲೆಯ ಕೆಂಡ ಹಿಂದೆ ಸರಿಸಿ, "ಕುಂತು ಕುಂತು ಸಾಕಾಗಿರ್ತೈತಿ ನೀಲಿ" ಅಂದರು.

ಎದ್ದು, ಮೂಲೆಯ ಅಟ್ಟದ ಮೇಲೆ ಸುತ್ತಿಟ್ಟಿದ್ದ ಚಾಪೆಯನ್ನು ಇಳಿಸಿದರು. ನಮ್ಮ ಮನೆಯವರು ರಂಗೂನಿಗೆ ಹೋದಾಗಿನಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ. ಅಂಗಳದಲ್ಲಿ ಕೊಡವಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ನಮ್ಮಿಬ್ಬರ ಚಾಪೆಗಳ ಆಚೆಗೆ ಗೋಡೆಯ ಬದಿಗೆ ಹಾಸಿದರು. ತಲೆಯ ಕಡೆ ಒಂದು ಕಂಬಳಿ ಮಡಿಚಿಟ್ಟರು. ಬಾಗಿಲಿಗೆ ಹೋಗಿ, ಹೊಲದಿಂದ ತಡವಾಗಿ ಬಂದವರನ್ನು ಕರೆಯುವ ದನಿಯಲ್ಲಿ, ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, "ಬಾರಪ್ಪ. ಆಕಿ ಓದ್ಲಿ. ನೀ ಮಲಕ್ಕೋ" ಅಂದರು. ಬಾಗಿಲನ್ನು ಸ್ವಲ್ಪ ಹೊತ್ತು ತೆರೆದಿಟ್ಟು, ಆಮೇಲೆ ಹಾಕಿ ಅಗಳಿ ಸರಿಸಿದರು.

ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಕೊನೆಗೆ ನವಣಕ್ಕಿ ಅನ್ನಕ್ಕೆ ಮಜ್ಜಿಗೆ. ಇಬ್ಬರೂ ಹೊಟ್ಟೆ ತುಂಬ ಉಂಡೆವು. ದೀಪ ಆರಿಸಿ ಮಲಗಿದೆವು. ಅತ್ತೆ ಮಲಗಿದಲ್ಲೇ ಶಿವನಾಮ ಗುನುಗುತ್ತಿದ್ದರು. ನಾನು ಕಣ್ಣು ಬಿಟ್ಟುಕೊಂಡು ತೊಲೆಗಳನ್ನು ನೋಡುತ್ತಿದ್ದೆ. ಹೊರಗೆ ಗಾಳಿ ನಿಂತಿತ್ತು. ಗೋಡೆಯ ಬದಿಯಿಂದ, ಬಹಳ ದೂರ ನಡೆದು ಬಂದವರು ಮೈ ಚೆಲ್ಲಿದಾಗ ಬಿಡುವಂಥ ಒಂದು ಉಸಿರು ಕೇಳಿಸಿತು. ಆಮೇಲೆ ಇನ್ನೊಂದು, ಮತ್ತೊಂದು, ನಿಧಾನವಾಗಿ, ಒಂದೇ ಸಮನೆ. ಅತ್ತೆಯ ಗುನುಗು ನಿಂತಿತು. ಕತ್ತಲಲ್ಲಿ ಅವರ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು. ಮೊದಲು ನಿದ್ದೆ ಹತ್ತಿದ್ದು ಅವರಿಗಲ್ಲ, ನನಗೂ ಅಲ್ಲ.